ಅಮೆರಿಕದ ಕನ್ನಡಿಗ ಡಾಕ್ಟರುಗಳಿಗೆ: ಪೈಲಟ್ ಒಬ್ಬ ಫಾರಂ ಹಿಡಿದುಕೊಂಡು ಬಂದಾಗ

ಅಮೆರಿಕದಲ್ಲಿರುವ ನಮ್ಮ ಎಲ್ಲ ಕನ್ನಡಿಗ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಓಹಾಯೋದಲ್ಲಿದ್ದೇನೆ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ. ಹವಾ ಚೆನ್ನಾಗಿದ್ದರೆ ಶನಿವಾರ ಬೆಳಿಗ್ಗೆ ಸಣ್ಣ ವಿಮಾನ ಹಾರಿಸುತ್ತೇನೆ. ನಾಲ್ಕು ಸೀಟಿನ ಸೆಸ್ನಾ 172. ನನ್ನದಲ್ಲ, ಕ್ಲಬ್ಬಿನದು. ನನಗೀಗ 55 ವರ್ಷ. ಹದಿನಾಲ್ಕು ವರ್ಷದಿಂದ ಹಾರಿಸುತ್ತಿದ್ದೇನೆ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಇವೆರಡೂ ಒಂದು ಫಾರಂನಲ್ಲಿ ಬಂದು ಸೇರುತ್ತವೆ. ಪೈಲಟ್‌ನನ್ನು ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕುವ ಆರೋಗ್ಯದ ಫಾರಂ ಅದು. ಆ ಫಾರಂ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು.

ಬರುವ ಅಕ್ಟೋಬರಿಗೆ ನನ್ನ ಫಾರಂಗೆ ನಾಲ್ಕು ವರ್ಷ ತುಂಬುತ್ತದೆ. ಮತ್ತೆ ಡಾಕ್ಟರ ಹತ್ತಿರ ಹೋಗಿ, ಪೂರ್ತಿ ಪರೀಕ್ಷೆ ಮಾಡಿಸಿ, ಸಹಿ ಹಾಕಿಸಿಕೊಳ್ಳಬೇಕು. ಇಷ್ಟು ದಿನ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಈ ಬೇಸಿಗೆಯಲ್ಲಿ ರಿಟೈರ್ ಆಗುತ್ತಿದ್ದಾರೆ. ಹಾಗಾಗಿ ಕನ್ನಡ ಕೂಟದಲ್ಲಿ ಪರಿಚಯವಿರುವ ಇಬ್ಬರು ಡಾಕ್ಟರುಗಳನ್ನು ಕೇಳಿದೆ. ಇಬ್ಬರೂ ಒಳ್ಳೆಯವರು, ನನಗೆ ಬೇಕಾದವರು. ಒಬ್ಬರು ಫಾರಂನ ಮೊದಲ ಪುಟ ನೋಡಿ ಹಾಗೇ ಮಡಚಿ ವಾಪಸ್ ಕೊಟ್ಟರು. "ಬೇರೆ ಏನಾದ್ರೂ ಕೇಳಿ, ಖಂಡಿತ ಮಾಡ್ತೀನಿ. ಇದೊಂದು ಬೇಡ" ಅಂದರು. ಇನ್ನೊಬ್ಬರು, "ನನ್ನ ಶುಗರ್ ಪೇಷಂಟ್ ಆಗಿ ಬನ್ನಿ, ಈ ಕಾಗದಕ್ಕೆ ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಅಂದರು.

ನನಗೆ ಅವರ ಮೇಲೆ ಕೋಪ ಇಲ್ಲ. ಆದರೆ ಆ ಎರಡನೆಯ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನನ್ನ ಕಾಯಿಲೆ ನೋಡುವವರು ಒಬ್ಬರು, ನಾನು ಹಾರಬಹುದಾ ಎಂದು ಹೇಳುವವರು ಇನ್ನೊಬ್ಬರು. ಇದು ತಪ್ಪು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಈ ಹೊಸ ವ್ಯವಸ್ಥೆ ಬಂದದ್ದೇ ಇವರಿಬ್ಬರೂ ಒಬ್ಬರೇ ಆಗಲಿ ಅಂತ.

ಈ ನಿಯಮದ ಹೆಸರು ಬೇಸಿಕ್‌ಮೆಡ್. ನಿಮ್ಮಲ್ಲಿ ಎಷ್ಟೋ ಜನ ಇದನ್ನು ಕೇಳಿರಲಿಕ್ಕಿಲ್ಲ. ಮೊದಲು ಹೀಗಿತ್ತು: ಸ್ವಂತಕ್ಕೆ ಹಾರಿಸುವ ಪೈಲಟ್ ಕೂಡ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನೇಮಿಸಿದ ಡಾಕ್ಟರ ಹತ್ತಿರವೇ ಹೋಗಿ ಥರ್ಡ್ ಕ್ಲಾಸ್ ಮೆಡಿಕಲ್ ಸರ್ಟಿಫಿಕೇಟ್ ತರಬೇಕಿತ್ತು. 40 ದಾಟಿದವರು ಎರಡು ವರ್ಷಕ್ಕೊಮ್ಮೆ. ಎಫ್‌ಎಎ ನೇಮಿಸಿದ ಈ ಡಾಕ್ಟರುಗಳನ್ನು ವಿಮಾನದವರು ಎಎಂಇ ಅನ್ನುತ್ತಾರೆ. ಈ ದಾರಿ ಬದಲಾಯಿಸಿ ಅಂತ ಪೈಲಟ್‌ಗಳ ಎರಡು ದೊಡ್ಡ ಸಂಘಗಳು, ಎಒಪಿಎ ಮತ್ತು ಇಎಎ, 2012ರಲ್ಲಿ ಎಫ್‌ಎಎಗೆ ಅರ್ಜಿ ಹಾಕಿದವು. ಅದು ಹಾಗೇ ಕೂತಿತ್ತು. ಕೊನೆಗೆ 2016ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ಸೇ ಕಾನೂನು ಮಾಡಿತು. ಸ್ವತಃ ಪೈಲಟ್ ಆಗಿದ್ದ ಒಕ್ಲಹೋಮಾದ ಸೆನೆಟರ್ ಜೇಮ್ಸ್ ಇನ್‌ಹಾಫ್ ಇದಕ್ಕಾಗಿ ತುಂಬಾ ಓಡಾಡಿದ್ದರು. 2017ರ ಮೇ 1ರಿಂದ ಬೇಸಿಕ್‌ಮೆಡ್ ಜಾರಿಗೆ ಬಂತು.

ಈ ದಾರಿಯಲ್ಲಿ ಹೋಗುವವನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇರಬೇಕು. 2006ರ ಜುಲೈ 14ರ ನಂತರ ಒಮ್ಮೆಯಾದರೂ ಹಳೆಯ ಥರದ ಮೆಡಿಕಲ್ ಪಾಸಾಗಿರಬೇಕು. ಅಂದರೆ ಹೊಸದಾಗಿ ಕಲಿಯುವವರು ಒಂದು ಸಲ ಎಎಂಇ ಹತ್ತಿರ ಹೋಗಲೇಬೇಕು. ಆಮೇಲೆ 48 ತಿಂಗಳಿಗೊಮ್ಮೆ ರಾಜ್ಯದ ಲೈಸೆನ್ಸ್ ಇರುವ ಯಾವುದೇ ಡಾಕ್ಟರ ಹತ್ತಿರ ಪರೀಕ್ಷೆ, 24 ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಒಂದು ಕೋರ್ಸು. ಹಾರಾಟಕ್ಕೂ ಮಿತಿ ಇದೆ. 18,000 ಅಡಿಗಿಂತ ಮೇಲೆ ಹೋಗುವಂತಿಲ್ಲ, 250 ನಾಟ್‌ಗಿಂತ ಜೋರಾಗಿ ಹೋಗುವಂತಿಲ್ಲ, ದುಡ್ಡು ತಗೊಂಡು ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ವಿಮಾನದ ತೂಕದ ಮಿತಿ ಮೊದಲು 6,000 ಪೌಂಡ್ ಇತ್ತು, 2024ರ ಕಾನೂನಿನಲ್ಲಿ ಅದನ್ನು 12,500ಕ್ಕೆ ಏರಿಸಿದರು. ನನ್ನ ಸೆಸ್ನಾ ಜನ, ಪೆಟ್ರೋಲು ಎಲ್ಲ ಸೇರಿ ಹತ್ತಿರಹತ್ತಿರ 2,500 ಪೌಂಡ್. ನಿಮ್ಮ ಮನೆ ಮುಂದೆ ನಿಂತಿರುವ ಕಾರು ಅದಕ್ಕಿಂತ ಜಾಸ್ತಿ ತೂಗುತ್ತದೆ.

ಇಷ್ಟು ನಿಯಮದ ಮಾತು. ಈಗ 2018ರಲ್ಲಿ ನನಗೆ ಏನಾಯಿತು ಅಂತ ಹೇಳುತ್ತೇನೆ. ಇದನ್ನು ಇಷ್ಟು ದಿನ ಹೊರಗೆ ಹೇಳಿರಲಿಲ್ಲ.

ಆ ವರ್ಷ ಜುಲೈನಲ್ಲಿ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಬಂತು. ಮೆಟ್‌ಫಾರ್ಮಿನ್ ಶುರುವಾಯಿತು. ನನ್ನ ಹಳೆಯ ಮೆಡಿಕಲ್ ಅಕ್ಟೋಬರಿಗೆ ಮುಗಿಯುತ್ತಿತ್ತು. ಸಕ್ಕರೆಗೆ ಮಾತ್ರೆ ತಗೊಳ್ಳುವವನಿಗೆ ಹಳೆಯ ದಾರಿಯಲ್ಲಿ ನೇರವಾಗಿ ಸರ್ಟಿಫಿಕೇಟ್ ಸಿಗುವುದಿಲ್ಲ. ಎಫ್‌ಎಎಗೆ ಕಾಗದಪತ್ರ ಕಳಿಸಿ ಸ್ಪೆಷಲ್ ಇಶ್ಯುಯೆನ್ಸ್ ಅನ್ನುವ ವಿಶೇಷ ಅನುಮತಿ ಪಡೆಯಬೇಕು. ಬೇಸಿಕ್‌ಮೆಡ್‌ನಲ್ಲಿ ಸಕ್ಕರೆಗೆ ಅದು ಬೇಕಿಲ್ಲ. ನಿಮ್ಮ ಡಾಕ್ಟರ ಕೈಕೆಳಗೆ ಚಿಕಿತ್ಸೆ ಸರಿಯಾಗಿ ನಡೆಯುತ್ತಿರಬೇಕು, ಅಷ್ಟೇ. ಹಾಗಾಗಿ ಫಾರಂ ಪ್ರಿಂಟ್ ತೆಗೆದುಕೊಂಡು ನಮ್ಮ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ದಾವಣಗೆರೆ ಕಡೆಯವರು. ನಾವಿಬ್ಬರೂ ಮಾತಾಡುವುದು ಕನ್ನಡದಲ್ಲೇ.

ಕಾಗದ ಹಾಸಿದ ಆ ಎತ್ತರದ ಮಂಚದ ಮೇಲೆ ನಾನು ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಅವರು ಕನ್ನಡಕ ಹಾಕಿಕೊಂಡು ಫಾರಂ ಅನ್ನು ಮೊದಲಿಂದ ಕೊನೆಯವರೆಗೆ ಓದಿದರು. ಒಂದು ಮಾತೂ ಆಡಲಿಲ್ಲ. ಓದಿ ಮುಗಿಸಿ, "ಇದೆಲ್ಲ ನಾನು ದಿನಾ ಮಾಡೋ ಕೆಲಸಾನೇ ಅಲ್ವಾ?" ಅಂದರು. ಆಮೇಲೆ ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ಮನೇಲಿ ಊರಿಂದ ತಂದಿರೋ ಮಾತ್ರೆ ಏನೇನಿದೆ?"

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ನಿಮ್ಮ ಮನೆಯಲ್ಲೂ ಇರುತ್ತದೆ. ಪ್ರತಿ ಸಲ ಬೆಂಗಳೂರಿಗೆ ಹೋಗಿ ಬಂದಾಗ ತುಂಬುತ್ತದೆ. ಶೀತದ ಮಾತ್ರೆ, ಹೊಟ್ಟೆಯ ಮಾತ್ರೆ, ಅಲರ್ಜಿಗೆ ಸೆಟಿರಿಜಿನ್ ಸ್ಟ್ರಿಪ್ಪು, ಅಮೃತಾಂಜನ. "ಡಬ್ಬಿನೇ ತಗೊಂಡು ಬನ್ನಿ" ಅಂದರು. ಮಾರನೆಯ ದಿನ ಒಯ್ದೆ. ಅವರು ಸ್ಟ್ರಿಪ್ಪುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಬೆರಳಲ್ಲಿ ಸರಿಸುತ್ತಾ ಹೋದರು. ಒಂದು ಕಡೆ ನಿಂತರು. ಅದು ಗ್ಲಿಮೆಪಿರೈಡ್, ಸಕ್ಕರೆ ಇಳಿಸುವ ಇನ್ನೊಂದು ಮಾತ್ರೆ. ಅರ್ಧ ಖಾಲಿಯಾಗಿತ್ತು.

ನಮ್ಮ ಭಾವ ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ. ನನಗೆ ಶುಗರ್ ಬಂದಿದೆ ಅಂತ ಗೊತ್ತಾದ ಕೂಡಲೇ, ಆಗ ತಾನೇ ಇಲ್ಲಿಗೆ ಬರುತ್ತಿದ್ದ ಪರಿಚಯದವರ ಕೈಲಿ ಕಳಿಸಿದ್ದರು. "ಇದನ್ನೂ ಸೇರಿಸ್ಕೊ, ಬೇಗ ಕಂಟ್ರೋಲಿಗೆ ಬರುತ್ತೆ" ಅಂತ. ಪ್ರೀತಿಯಿಂದಲೇ ಕಳಿಸಿದ್ದು. ನಾನು ಯಾರಿಗೂ ಹೇಳದೆ ತಗೊಳ್ಳುತ್ತಿದ್ದೆ.

"ಶನಿವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಹಾರಿಸ್ತೀರಿ?"

"ಏಳಕ್ಕೆ."

"ತಿಂಡಿ?"

"ಬಂದ್ಮೇಲೆ."

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಿಮಗೆ ವಿವರಿಸಬೇಕಾಗಿಲ್ಲ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಏಕಾಏಕಿ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿ ನಾನು ಮೂರು ಸಾವಿರ ಅಡಿಯ ಮೇಲೆ ಒಬ್ಬನೇ ಕೂತಿರುತ್ತಿದ್ದೆ. ಎರಡು ಶನಿವಾರ ಕೈ ನಡುಗಿತ್ತು, ಬೆವರಿತ್ತು. ಸೆಖೆ ಇರಬೇಕು ಅಂದುಕೊಂಡಿದ್ದೆ.

ಅವತ್ತು ಅವರು ಸಹಿ ಹಾಕಲಿಲ್ಲ. ಆ ಸ್ಟ್ರಿಪ್ಪನ್ನು ತಾವೇ ಇಟ್ಟುಕೊಂಡರು. ಮೂರು ತಿಂಗಳು ವಿಮಾನದ ಹತ್ತಿರ ಹೋಗಬೇಡಿ, ದಿನಾ ಸಕ್ಕರೆ ನೋಡಿಕೊಂಡು ಬರೆದಿಡಿ ಅಂದರು. ಅಕ್ಟೋಬರಿನಲ್ಲಿ ಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ, ನೋಡಿ, ಮತ್ತೆ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ, ಆಮೇಲೆ ಸಹಿ ಹಾಕಿದರು. ತಿಂಡಿ ತಿನ್ನದೆ ಹಾರುವಂತಿಲ್ಲ ಅಂತಲೂ ಮಾತು ತಗೊಂಡರು.

ನಾನು ಎಎಂಇ ಹತ್ತಿರ ಹೋಗಿದ್ದರೆ ಏನಾಗುತ್ತಿತ್ತು? ಯಾವ ಔಷಧಿ ತಗೊಳ್ಳುತ್ತೀರಿ ಅಂತ ಅವರೂ ಕೇಳುತ್ತಿದ್ದರು. ನಾನು ಭಾವನ ಮಾತ್ರೆಯ ಸುದ್ದಿ ಎತ್ತುತ್ತಿರಲಿಲ್ಲ. ಹೇಳಿದ್ದೆಲ್ಲ ಎಫ್‌ಎಎ ಕಡತಕ್ಕೆ ಹೋಗುತ್ತದೆ ಅನ್ನುವ ಹೆದರಿಕೆ ಪೈಲಟ್‌ಗಳಲ್ಲಿ ಎಷ್ಟಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎದೆ ಹಿಡಿದರೆ ಗ್ಯಾಸ್ ಅನ್ನುತ್ತಾರೆ, ನಿದ್ದೆ ಬರದಿದ್ದರೆ ಕಾಫಿ ಜಾಸ್ತಿಯಾಯಿತು ಅನ್ನುತ್ತಾರೆ. ಲೈಸೆನ್ಸ್ ಹೋಗುತ್ತದೆ ಅಂತ ಡಾಕ್ಟರ ಹತ್ತಿರವೇ ಹೋಗದವರನ್ನು ನಾನು ನಮ್ಮ ಕ್ಲಬ್ಬಿನಲ್ಲೇ ಕಂಡಿದ್ದೇನೆ. ಡಾಕ್ಟರಮ್ಮನ ಹತ್ತಿರ ನಾನು ಹೇಳಿದ್ದು ಅವರು ನನ್ನ ಡಾಕ್ಟರ್ ಆಗಿದ್ದರಿಂದ. ಇನ್ನೂ ನಿಜ ಹೇಳಬೇಕೆಂದರೆ, ಅವರು ಡಬ್ಬಿ ಕೇಳಿದ್ದರಿಂದ. ಆ ಡಬ್ಬಿ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ಇಲ್ಲಿ ಹುಟ್ಟಿ ಬೆಳೆದ ಯಾವ ಡಾಕ್ಟರಿಗೂ ಅದು ಹೊಳೆಯುತ್ತಿರಲಿಲ್ಲ.

ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ನಿಮಗೆ ಬರೆಯುತ್ತಿದ್ದೇನೆ. ನೀವು ಮೈಸೂರು, ಹುಬ್ಬಳ್ಳಿ, ಮಣಿಪಾಲ, ಬೆಳಗಾವಿಯಲ್ಲಿ ಓದಿ ಬಂದವರು. ಶೀತಕ್ಕೆ ನಮ್ಮವರು ಏನು ನುಂಗುತ್ತಾರೆ, ಏಕಾದಶಿಗೆ ಯಾರು ಉಪವಾಸ ಇರುತ್ತಾರೆ, ಊರಿಂದ ಬಂದ ಮಾತ್ರೆಯನ್ನು ಔಷಧಿ ಅಂತ ಲೆಕ್ಕಕ್ಕೇ ಇಡದೆ ಹೇಗೆ ತಗೊಳ್ಳುತ್ತಾರೆ, ಎಲ್ಲ ನಿಮಗೆ ಗೊತ್ತು. ಸೆಟಿರಿಜಿನ್ ನಮ್ಮ ಕಡೆ ಚಾಕಲೇಟಿನ ಹಾಗೆ ಓಡಾಡುತ್ತದೆ. ಎಫ್‌ಎಎ ಪ್ರಕಾರ ಅದನ್ನು ತಗೊಂಡು ವಿಮಾನ ಹಾರಿಸುವಂತಿಲ್ಲ. ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಬೆನಾಡ್ರಿಲ್ ಮಾತ್ರೆ, ಅಂದರೆ ಡೈಫೆನ್‌ಹೈಡ್ರಮಿನ್, ತಗೊಂಡರೆ 60 ಗಂಟೆ ಕಾಯಬೇಕು. ವಿಮಾನ ಬಿದ್ದು ಸತ್ತ ಪೈಲಟ್‌ಗಳ ರಕ್ತದಲ್ಲಿ, ಚುರುಕು ತಗ್ಗಿಸಬಲ್ಲ ಔಷಧಿಗಳ ಪೈಕಿ ಅತಿ ಹೆಚ್ಚು ಸಲ ಕಂಡದ್ದು ಇದೇ ಅಂತ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ 2014ರ ತನ್ನ ಅಧ್ಯಯನದಲ್ಲಿ ಹೇಳಿದೆ. ಗಾಂಜಾ ಅಲ್ಲ, ಕೊಕೇನ್ ಅಲ್ಲ, ಅಲರ್ಜಿ ಮಾತ್ರೆ. ಇದನ್ನು ಒಬ್ಬ ಪೈಲಟ್‌ಗೆ ಕೂರಿಸಿ ಹೇಳಬೇಕಾದವರು ನೀವು.

ಈಗ ನಿಮ್ಮ ಆತಂಕದ ವಿಷಯ. ಆ ಇಬ್ಬರು ಡಾಕ್ಟರೂ ಹೇಳಿದ್ದು ಒಂದೇ: ನಾಳೆ ನೀವು ಬಿದ್ದರೆ ಲಾಯರ್ ನನ್ನ ಬಾಗಿಲಿಗೆ ಬರುತ್ತಾನೆ.

ಈ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಸಹಿ ಹಾಕಿದ ಡಾಕ್ಟರಿಗೆ ಈ ಕಾನೂನಿನಲ್ಲಿ ಪ್ರತ್ಯೇಕ ರಕ್ಷಣೆ ಕೊಟ್ಟಿಲ್ಲ. ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಆದರೆ ಸಹಿಯ ಮೇಲೆ ಏನು ಬರೆದಿದೆ ಅಂತ ಒಮ್ಮೆ ಓದಿ. ಈ ಪಟ್ಟಿಯಲ್ಲಿರುವುದನ್ನೆಲ್ಲ ಪರೀಕ್ಷೆ ಮಾಡಿದ್ದೇನೆ, ಪ್ರತಿಯೊಂದನ್ನೂ ಈ ವ್ಯಕ್ತಿಯ ಜೊತೆ ಮಾತಾಡಿದ್ದೇನೆ, ತಗೊಳ್ಳುತ್ತಿರುವ ಔಷಧಿಗಳ ಬಗ್ಗೆಯೂ ಮಾತಾಡಿದ್ದೇನೆ, ಈಗ ನಡೆಯುತ್ತಿರುವ ಚಿಕಿತ್ಸೆಯಲ್ಲಿ ಇವರು ಸುರಕ್ಷಿತವಾಗಿ ವಿಮಾನ ನಡೆಸುವುದಕ್ಕೆ ಅಡ್ಡಿಯಾಗುವ ಕಾಯಿಲೆ ಯಾವುದೂ ನನ್ನ ಗಮನಕ್ಕೆ ಬಂದಿಲ್ಲ. ಹೆಚ್ಚುಕಡಿಮೆ ಇಷ್ಟೇ. ಮುಂದಿನ ನಾಲ್ಕು ವರ್ಷ ಇವನಿಗೆ ಏನೂ ಆಗುವುದಿಲ್ಲ ಅಂತ ನೀವು ಜಾಮೀನು ನಿಲ್ಲುತ್ತಿಲ್ಲ. ಇವತ್ತು ನೋಡಿದ್ದು, ಇವತ್ತು ಗೊತ್ತಿರುವುದು, ಅದಕ್ಕೆ ಸಹಿ.

ಮಕ್ಕಳು ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ಮೊದಲು ಒಂದು ಫಾರಂ ತರುತ್ತಾರೆ, ಅಲ್ವಾ? ಅದಕ್ಕೆ ನೀವು ಸಹಿ ಹಾಕುತ್ತೀರಿ. ಆ ಹುಡುಗ ಮೈದಾನದಲ್ಲಿ ಕುಸಿದು ಬೀಳುವ ಸಾಧ್ಯತೆ ಅಲ್ಲೂ ಇದೆ. ಎದೆ ಬಡಿತ ಕೇಳಿ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹೋಗಿದ್ದಾರಾ ಅಂತ ವಿಚಾರಿಸಿ, ತೃಪ್ತಿಯಾದರೆ ಹಾಕುತ್ತೀರಿ. ಇಲ್ಲೂ ಅಷ್ಟೇ ಕೇಳುತ್ತಿದ್ದೇವೆ. ಫಾರಂ ನಂಬರ್ 8700-2. ಅದರಲ್ಲಿರುವುದು ಕಣ್ಣು, ಕಿವಿ, ಮೂಗು, ಎದೆ, ಹೃದಯ, ಹೊಟ್ಟೆ, ಬೆನ್ನು, ಕೈಕಾಲು, ನರ, ಮನಸ್ಸು, ಬಿಪಿ, ನಾಡಿ. ನೀವು ತುಂಬುವ ಭಾಗದಲ್ಲಿ ವಿಮಾನದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. "ನನಗೆ ವಿಮಾನದ ವಿಷಯ ಏನೂ ಗೊತ್ತಿಲ್ಲ" ಅನ್ನುವವರಿಗೆ ಇದನ್ನೇ ಹೇಳಬೇಕು. ವಿಮಾನದ ಭಾಗ ನಾವು ನೋಡಿಕೊಳ್ಳುತ್ತೇವೆ. ನೀವು ಫಾರಂ ಎಲ್ಲಿಗೂ ಕಳಿಸಬೇಕಾಗಿಲ್ಲ. ಅದು ನಮ್ಮ ಲಾಗ್‌ಬುಕ್ ಜೊತೆ ಇರುತ್ತದೆ, ಎಫ್‌ಎಎ ಕೇಳಿದಾಗ ನಾವು ತೋರಿಸಬೇಕು. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಲೈಸೆನ್ಸ್ ನಂಬರ್ ಮತ್ತು ಪರೀಕ್ಷೆಯ ದಿನಾಂಕವನ್ನು ಮಾತ್ರ ಆನ್‌ಲೈನ್ ಕೋರ್ಸ್ ಮುಗಿದಾಗ ತುಂಬುತ್ತೇವೆ.

ಅತಿ ಗಂಭೀರ ಕಾಯಿಲೆಗಳ ಭಾರವನ್ನು ಕಾನೂನು ನಿಮ್ಮೊಬ್ಬರ ತಲೆಯ ಮೇಲೆ ಹಾಕಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಹಾರ್ಟ್ ಅಟ್ಯಾಕ್ ಆದವನು, ಚಿಕಿತ್ಸೆ ಬೇಕಾಗುವಷ್ಟು ಹೃದಯದ ರಕ್ತನಾಳದ ಕಾಯಿಲೆ ಇರುವವನು, ಹೃದಯದ ವಾಲ್ವ್ ಬದಲಾಯಿಸಿಕೊಂಡವನು, ಮೂರ್ಛೆ ರೋಗ ಇರುವವನು, ಬೈಪೋಲಾರ್ ಅಥವಾ ಸೈಕೋಸಿಸ್ ಇರುವವನು, ಕಳೆದ ಎರಡು ವರ್ಷದಲ್ಲಿ ಕುಡಿತಕ್ಕೋ ಡ್ರಗ್ಸಿಗೋ ದಾಸನಾಗಿದ್ದವನು, ಇವರೆಲ್ಲ ಮೊದಲು ಎಫ್‌ಎಎಯಿಂದಲೇ ಒಂದು ಸಲ ವಿಶೇಷ ಅನುಮತಿ ಪಡೆಯಬೇಕು. ಅದಿಲ್ಲದೆ ನಿಮ್ಮ ಸಹಿ ಇದ್ದರೂ ಹಾರುವಂತಿಲ್ಲ. ಕೊನೆಯ ಸಲ ಎಫ್‌ಎಎ ಅರ್ಜಿ ತಿರಸ್ಕರಿಸಿದ್ದರೂ ಹಾರುವಂತಿಲ್ಲ. ಈ ದಾರಿಯಲ್ಲಿ ಹಾರುವವರಿಗೂ ಹಳೆಯ ಸರ್ಟಿಫಿಕೇಟಿನಲ್ಲಿ ಹಾರುವವರಿಗೂ ಅಪಘಾತದ ಅಪಾಯದಲ್ಲಿ ವ್ಯತ್ಯಾಸ ಕಂಡಿಲ್ಲ ಅಂತ ಎಫ್‌ಎಎಯೇ ಕಾಂಗ್ರೆಸ್‌ಗೆ ವರದಿ ಕೊಟ್ಟಿದೆ.

ಬೇರೆ ದೇಶಗಳೂ ಹತ್ತಿರಹತ್ತಿರ ಇದೇ ಕಡೆಗೆ ಬಂದಿವೆ. ಬ್ರಿಟನ್ನಿನಲ್ಲಿ ಪೈಲಟ್ ತನ್ನ ಆರೋಗ್ಯದ ಬಗ್ಗೆ ತಾನೇ ಘೋಷಣೆ ಕೊಡಬಹುದು. ಆಸ್ಟ್ರೇಲಿಯಾ 2024ರ ಫೆಬ್ರವರಿಯಲ್ಲಿ ಕ್ಲಾಸ್ 5 ಅಂತ ಅಂಥದ್ದೇ ಒಂದನ್ನು ತಂದಿದೆ. ಅವುಗಳಿಗಿಂತ ಅಮೆರಿಕದ ದಾರಿಯೇ ನನಗೆ ಹೆಚ್ಚು ಇಷ್ಟ. ಯಾಕೆಂದರೆ ಇಲ್ಲಿ ಡಾಕ್ಟರ್ ಇದ್ದಾರೆ. ನಾನೇ ನನಗೆ ಸರ್ಟಿಫಿಕೇಟ್ ಕೊಟ್ಟುಕೊಳ್ಳುವ ಹಾಗಿದ್ದರೆ 2018ರಲ್ಲಿ ಕಣ್ಣುಮುಚ್ಚಿ ಕೊಟ್ಟುಕೊಂಡು, ಖಾಲಿ ಹೊಟ್ಟೆಯಲ್ಲಿ ಹಾರುತ್ತಲೇ ಇರುತ್ತಿದ್ದೆ.

ನೀವು ಬೇಡ ಅಂದಾಗ ನಾವು ಎಲ್ಲಿಗೆ ಹೋಗುತ್ತೇವೆ ಅಂತಲೂ ಯೋಚಿಸಿ. ಫಾರಂ ತುಂಬಿಸಿಕೊಡುವ ಯಾವುದಾದರೂ ಕ್ಲಿನಿಕ್ ಹುಡುಕುತ್ತೇವೆ. ದುಡ್ಡು ಕಟ್ಟುತ್ತೇವೆ. ನಮ್ಮನ್ನು ಯಾವತ್ತೂ ನೋಡದ, ಇನ್ನು ಮುಂದೆಯೂ ನೋಡದ ಡಾಕ್ಟರ್ ಬಿಪಿ ನೋಡಿ, ಸ್ಟೆತಸ್ಕೋಪ್ ಇಟ್ಟು, ಸಹಿ ಹಾಕಿ ಕಳಿಸುತ್ತಾರೆ. ಕಾನೂನಿನ ಪ್ರಕಾರ ಅದೂ ಸರಿಯೇ. ಆದರೆ ನನ್ನ ಹತ್ತು ವರ್ಷದ ರಕ್ತ ಪರೀಕ್ಷೆ ಅವರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ನನ್ನ ಹೆಂಡತಿ ಬಂದಾಗ "ಇವರು ಗೊರಕೆ ಹೊಡೀತಾ ಮಧ್ಯೆ ಉಸಿರೇ ನಿಲ್ಲಿಸ್ತಾರೆ" ಅಂತ ಹೇಳಿದ್ದು ಅವರಿಗೆ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ. ಗೊತ್ತಿರುವ ನೀವು ದೂರ ನಿಂತರೆ ಕೆಳಗೆ ಮನೆಗಳಲ್ಲಿ ಇರುವವರಿಗೂ ಅದು ಒಳ್ಳೆಯದಲ್ಲ.

ಆಸ್ಪತ್ರೆಯ ಗುಂಪಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕು ಇದೆ ಅಂತ ಗೊತ್ತು. ಆಡಳಿತದವರೇ ಇಂಥ ಫಾರಂ ಮುಟ್ಟಬೇಡಿ ಅಂದಿರುತ್ತಾರೆ. ನೀವು ಒಂದು ಸಲ ಅವರನ್ನು ಬರವಣಿಗೆಯಲ್ಲಿ ಕೇಳಿ ನೋಡಿ. ನಿಮ್ಮ ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್ ಕಂಪನಿಗೂ ಒಂದು ಫೋನ್ ಮಾಡಿ. ಅವರು ಬೇಡ ಅಂದರೆ ನಾನು ಮತ್ತೆ ಒತ್ತಾಯ ಮಾಡುವುದಿಲ್ಲ. ಆದರೆ ಯಾರನ್ನೂ ಕೇಳದೆ, ಫಾರಂ ಓದದೆ, ಮೊದಲ ಪುಟದಲ್ಲೇ ಮಡಚಬೇಡಿ.

ಒಂದು ವೈಯಕ್ತಿಕ ಮಾತು ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಅಪ್ಪ ಭಾನುವಾರ ಸೈಕಲ್ ಮೇಲೆ ಕೂರಿಸಿಕೊಂಡು ಜಕ್ಕೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸರ್ಕಾರದ ಫ್ಲೈಯಿಂಗ್ ಸ್ಕೂಲ್ ಇದೆ. ಬೇಲಿಯ ಹೊರಗೆ ನಿಂತು ಸಣ್ಣ ವಿಮಾನ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದೆವು. ನಮ್ಮಂಥವರು ಅದರೊಳಗೆ ಕೂರುತ್ತಾರೆ ಅಂತ ಇಬ್ಬರೂ ಅಂದುಕೊಂಡಿರಲಿಲ್ಲ. 2019ರಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಆಗ ಅವರಿಗೆ 78. ಪಂಚೆ ಬಿಟ್ಟು ಪ್ಯಾಂಟು ಹಾಕಿಸಿ, ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಜೋಳದ ಹೊಲಗಳ ಮೇಲೆ ಮುಕ್ಕಾಲು ಗಂಟೆ ಸುತ್ತಿಸಿದೆ. ಪೂರ್ತಿ ಹೊತ್ತು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡಿದ್ದರು. ಇಳಿದ ಮೇಲೆ ರೆಕ್ಕೆಯನ್ನು ಒಮ್ಮೆ ಸವರಿ, "ಬೇಲಿ ಈ ಕಡೆ ಇದ್ದೀವಲ್ಲೋ" ಅಂದರು. ಅವತ್ತು ನಾನು ಇಡ್ಲಿ ತಿಂದೇ ಹಾರಿದ್ದೆ. ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇತ್ತು. ಡಾಕ್ಟರಮ್ಮ ಮೂರು ತಿಂಗಳು ನಿಲ್ಲಿಸಿ, ಆಮೇಲೆ ಸಹಿ ಹಾಕಿದ್ದರಿಂದ ಅಪ್ಪನನ್ನು ಧೈರ್ಯವಾಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಈಗ ಅಪ್ಪ ಇಲ್ಲ.

ಕಣ್ಣುಮುಚ್ಚಿ ಸಹಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಬೇಡ ಅನ್ನಿಸಿದರೆ ಖಂಡಿತ ಬೇಡ ಅನ್ನಿ. ನನ್ನನ್ನು ಪರೀಕ್ಷೆ ಮಾಡಿ, ಡಬ್ಬಿ ನೋಡಿ, ಆಮೇಲೆ ಅನ್ನಿ. ಆ "ಬೇಡ"ವನ್ನು ನಾನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳು ಬಿಟ್ಟು ಬಾ ಅಂದರೆ ಬರುತ್ತೇನೆ. ಇನ್ನು ಹಾರಿದ್ದು ಸಾಕು ಅಂದರೆ ಕೀ ಕ್ಲಬ್ಬಿಗೆ ವಾಪಸ್ ಕೊಡುತ್ತೇನೆ.

ಹೊಸ ಡಾಕ್ಟರನ್ನು ಇನ್ನೂ ಹುಡುಕುತ್ತಿದ್ದೇನೆ. ಓಹಾಯೋದಲ್ಲಿ ಯಾರಾದರೂ ಈ ಪತ್ರ ಓದಿ ಒಪ್ಪಿದರೆ ಕೂಟದಲ್ಲಿ ನನ್ನನ್ನು ಕಂಡಾಗ ಹೇಳಿ. ನನ್ನ ಪಾಲಿನ ಪುಟಗಳನ್ನು ಮೊದಲೇ ತುಂಬಿ ತರುತ್ತೇನೆ. ನಾಲ್ಕು ವರ್ಷದ ಎ1ಸಿ ಎಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇನ್ಶೂರೆನ್ಸ್ ಈ ಪರೀಕ್ಷೆಗೆ ಕೊಡದಿದ್ದರೆ ಫೀಸು ಕೈಯಿಂದಲೇ ಕಟ್ಟುತ್ತೇನೆ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೊಟ್ಟರೂ ಪರವಾಗಿಲ್ಲ, ತಿಂಡಿ ತಿಂದುಕೊಂಡೇ ಬರುತ್ತೇನೆ. ಸ್ಟೀಲ್ ಡಬ್ಬಿಯೂ ಜೊತೆಗೇ ಬರುತ್ತದೆ.

ನಿಮ್ಮವನೇ ಆದ
ಓಹಾಯೋದ ಒಬ್ಬ ಕನ್ನಡಿಗ ಪೈಲಟ್